ಅತ್ತೆ ಸುಮ್ಮನಿದ್ದ ದಿನ

ಆ ಹಾರನ್ನಿಗೆ ಅತ್ತೆ ಎಂದು ಹೆಸರಿಟ್ಟವನು ಜಯರಾಮಪ್ಪ. ಊರಿಗಾಂ ಸ್ಟೇಷನ್ನಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಚಿನ್ನದ ಗಣಿಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಡಬ್ಬಿಗಳನ್ನು ಮಾಡಿಕೊಡುತ್ತಿದ್ದ ಮನುಷ್ಯ. ಬಾಯಿ ಜೋರು, ಮನಸ್ಸು ಮೆತ್ತಗೆ. ಅವನಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸಕ್ಕಿದ್ದ ವೆಂಕಟರತ್ನಮ್ಮ ಬಂಗಾರಪೇಟೆಯ ಗುಜರಿ ಅಂಗಡಿಯಿಂದ ಹಳೇ ಬಸ್ಸಿನ ಹಾರನ್ ತಂದು ಕಂಪ್ಯೂಟರಿಗೆ ಸಿಕ್ಕಿಸಿದ ದಿನ ಅವನು ಹಣೆ ಚಚ್ಚಿಕೊಂಡ.

"ಮನೇಲಿ ಒಬ್ಬಳು ಅತ್ತೆ ಸಾಲ್ದು ಅಂತ ಇಲ್ಲೂ ಒಬ್ಬಳನ್ನ ತಂದು ಕೂಡಿಸಿದ್ಯೇನಮ್ಮಾ ರತ್ನಮ್ಮಾ?"

ಹೆಸರು ಸರಿಯಾಗೇ ಹೊಂದಿತ್ತು ಅನ್ನಿ. ಸೊಸೆ ಸಾರಿಗೆ ಒಂದು ಹರಳು ಉಪ್ಪು ಹಾಕಿದರೆ ಸಾರನ್ನಷ್ಟೇ ಅಲ್ಲ, ಮುದ್ದೆ, ಪಲ್ಯ, ಮಜ್ಜಿಗೆ ಎಲ್ಲವನ್ನೂ ಮೊದಲಿಂದ ರುಚಿ ನೋಡುವ ಅತ್ತೆಯರು ಇರುತ್ತಾರಲ್ಲ, ಇದೂ ಅಂಥದ್ದೇ. ರತ್ನಳ ಪ್ರೋಗ್ರಾಮಿನಲ್ಲಿ ಯಾರಾದರೂ ಒಂದೇ ಒಂದು ಅಂಕಿ ತಿದ್ದಿ ಉಳಿಸಿದರೂ ಸಾಕು, ಕಂಪ್ಯೂಟರು ಯಾರ ಅಪ್ಪಣೆಗೂ ಕಾಯದೆ ಹಳೇ ಪರೀಕ್ಷೆಗಳನ್ನೆಲ್ಲ ತಾನೇ ಮತ್ತೆ ನಡೆಸುತ್ತಿತ್ತು. ಎಲ್ಲ ಸರಿಯಿದ್ದರೆ ಗಪ್‌ಚಿಪ್. ಒಂದು ತಪ್ಪಿದರೂ ತಗಡು ಅದುರುವ ಹಾಗೆ ಕಿರುಚಾಟ. ಪಕ್ಕದ ಲೈನು ಮನೆಗಳ ಮಕ್ಕಳು ಬಸ್ಸು ಬಂತೆಂದು ಓಡಿ ಬರುತ್ತಿದ್ದವು.

ಇಷ್ಟೆಲ್ಲ ಉಸಾಬರಿ ಯಾಕೆಂದರೆ, ಅವಳು ಬರೆದಿದ್ದು ಆಟದ ಸಾಮಾನಿಗಲ್ಲ. ಚಾಂಪಿಯನ್ ರೀಫ್ಸ್ ಕಡೆಯಿದ್ದ ಬೇವಿನಮರದ ಶಾಫ್ಟು ಎನ್ನುವ ಗಣಿಬಾವಿಯಲ್ಲಿ ಆಳುಗಳನ್ನು ಪಾತಾಳಕ್ಕೆ ಇಳಿಸುವ ಕೇಜಿಗೆ. ಎಂಜಿನ್ ಡ್ರೈವರ್ ಉಕ್ಕಿನ ಹಗ್ಗ ಬಿಟ್ಟು ಕೇಜನ್ನು ಇಳಿಸುವಾಗ ಒಂದು ಕಾವಲು ಡಬ್ಬಿ ಅದರ ವೇಗವನ್ನು ನೋಡುತ್ತಾ ಇರುತ್ತದೆ. ತಳ ಹತ್ತಿರವಾದರೂ ಕೇಜು ನಿಧಾನವಾಗದಿದ್ದರೆ ಡ್ರೈವರನ ಕೈಯನ್ನೂ ಕಾಯದೆ ಡಬ್ಬಿ ತಾನೇ ಬ್ರೇಕು ಹಿಡಿದುಬಿಡುತ್ತದೆ. ಆ ಡಬ್ಬಿಯೊಳಗೆ ಬೆರಳುದ್ದದ ಒಂದು ಕಂಪ್ಯೂಟರ್ ಚಿಪ್ಪು, ಆ ಚಿಪ್ಪಿನೊಳಗೆ ರತ್ನಳ ಪ್ರೋಗ್ರಾಮು. ಅವಳ ಗಂಡ ಕದಿರಪ್ಪ ದಿನಾ ಆ ಕೇಜಿನಲ್ಲೇ ಇಳಿಯುತ್ತಿದ್ದ. ಇಷ್ಟು ಹೇಳಿದರೆ ಸಾಕಲ್ಲ, ಅವಳಿಗೆ ಆ ಹಾರನ್ ಯಾಕೆ ಬೇಕಾಗಿತ್ತು ಎಂದು? ತಿಂಗಳುಗಟ್ಟಲೆ ಶಾಫ್ಟಿನ ಬಳಿ ಕೂತು, ಕೇಜು ಹತ್ತಿ ಇಳಿದ ಸವಾರಿಗಳ ವೇಗವನ್ನೆಲ್ಲ ಫ್ಲಾಪಿಗಳಲ್ಲಿ ತುಂಬಿಕೊಂಡು ಬಂದಿದ್ದಳು. ಅವೇ ಅವಳ ಪರೀಕ್ಷೆಗಳು. ಪ್ರೋಗ್ರಾಮು ಬದಲಾದಾಗಲೆಲ್ಲ ಅಷ್ಟೂ ಸವಾರಿಗಳು ಕಂಪ್ಯೂಟರಿನೊಳಗೆ ಇನ್ನೊಂದು ಸಲ ನಡೆಯಬೇಕು, ಯಾವುದರಲ್ಲೂ ಡಬ್ಬಿ ತಪ್ಪು ಮಾಡಬಾರದು.

ತೊಂಬತ್ತೊಂದನೇ ಇಸವಿಯ ಆಯುಧಪೂಜೆಯ ಮಾತು ಇದು. ಹಬ್ಬಕ್ಕೆ ಮುಂಚೆ ಶಾಫ್ಟಿನ ಹಗ್ಗದ ಸವೆದ ತುದಿ ಕತ್ತರಿಸಿ ಕೇಜನ್ನು ಮತ್ತೆ ಬಿಗಿದಿದ್ದರು. ಹಗ್ಗ ಗಿಡ್ಡವಾದರೆ ಡಬ್ಬಿಯೊಳಗಿನ ಅಳತೆಯೂ ಬದಲಾಗಬೇಕು. ಪೂಜೆಯ ದಿನ ಕೇಜು ಹೇಗೂ ನಿಂತಿರುತ್ತದೆ, ಅಷ್ಟರಲ್ಲಿ ಹೊಸ ಚಿಪ್ಪು ಕೂಡಿಸಿಬಿಡೋಣ ಎಂದು ಜಯರಾಮಪ್ಪ ಒಪ್ಪಿಕೊಂಡು ಬಂದಿದ್ದ. ಅವನ ತಾಯಿ ಅಮ್ಮಾಜಮ್ಮನ ಅವಸರವೇ ಬೇರೆ.

"ಏಳಮ್ಮಿ, ಸಾಕು ಕುಟ್ಟಿದ್ದು. ರಾಹುಕಾಲ ಬಂದ್ಬಿಡ್ತದೆ. ಯಂತ್ರಕ್ಕೂ ಒಂದಿನ ಮೈಕೈ ಸುಧಾರಿಸ್ಕೊಳ್ಳಕ್ಕೆ ಬಿಡು."

"ಒಂದೇ ನಿಮಿಷ ಅಮ್ಮಾಜಮ್ಮೋರೇ, ಮುಗೀತು."

ಮುದುಕಿ ಆರತಿ ತಟ್ಟೆ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದಳು. ರತ್ನ ಹೊಸ ಅಳತೆಗಳನ್ನು ಕುಟ್ಟಿ ಉಳಿಸಿದಳು. ಪರೀಕ್ಷೆಗಳು ತಮ್ಮಷ್ಟಕ್ಕೆ ಶುರುವಾದವು. ಅವು ನಡೆಯುತ್ತಿರುವಾಗಲೇ ಪ್ರೋಗ್ರಾಮನ್ನು ಚಿಪ್ಪಿಗೆ ಇಳಿಸಿ, ಅದನ್ನೂ ಸ್ಪ್ಯಾನರು ಸ್ಕ್ರೂಡ್ರೈವರುಗಳ ಜೊತೆ ಪೂಜೆಗಿಟ್ಟಳು. ಹಾರನ್ ಕೂಗಿದರೆ ಚಿಪ್ಪು ಕಸಕ್ಕೆ, ಕೂಗದಿದ್ದರೆ ಶಾಫ್ಟಿಗೆ. ಅಮ್ಮಾಜಮ್ಮ ಕಂಪ್ಯೂಟರಿನ ಮೇಲೆ ಕೆಂಪು ಬಟ್ಟೆ ಹೊದಿಸಿ, ಚೆಂಡುಹೂವಿನ ಹಾರ ಇಳಿಬಿಟ್ಟಳು. ಜಯರಾಮಪ್ಪ ಯಂತ್ರ ಆರಿಸಲು ಕೈ ಚಾಚಿದಾಗ ಗದರಿದಳು.

"ದೇವ್ರ ಮುಂದಿನ ದೀಪ ಆರಿಸ್ತೀಯೇನ್ಲಾ? ಉರೀತಿರ್ಲಿ ಬಿಡು."

ಮಂಗಳಾರತಿ ಆಯಿತು. ರತ್ನ ಕೈ ಮುಗಿದು ನಿಂತಿದ್ದರೂ ಕಿವಿಯೆಲ್ಲ ಹಾರನ್ನಿನ ಕಡೆಗೇ. ಬೂದುಗುಂಬಳ ಒಡೆದರು. ಕಡಲೆಪುರಿ ಹಂಚಿದರು. ಪರೀಕ್ಷೆ ಮುಗಿಯಲು ಬೇಕಾದ ಹೊತ್ತು ಕಳೆದು, ಮೇಲೆ ಇನ್ನಷ್ಟು ಹೊತ್ತಾಯಿತು. ಅತ್ತೆ ಕಿಮಕ್ ಎನ್ನಲಿಲ್ಲ. ರತ್ನಳ ಎದೆ ಹಗುರವಾಯಿತು. ಕುಂಕುಮ ಹಚ್ಚಿದ ಚಿಪ್ಪನ್ನು ಒರೆಸಿ ಜಯರಾಮಪ್ಪನ ಕೈಗಿಟ್ಟಳು. ಅವನು ಅವತ್ತೇ ಹೋಗಿ ಅದನ್ನು ಡಬ್ಬಿಯಲ್ಲಿ ಕೂಡಿಸಿ, ಅಲ್ಲಿಂದ ಹಾಗೇ ಬೇತಮಂಗಲದ ನೆಂಟರ ಮನೆಗೆ ಹಬ್ಬದೂಟಕ್ಕೆ ಸ್ಕೂಟರು ಹತ್ತಿದ.

ಮಾರನೇ ದಿನ ವಿಜಯದಶಮಿ. ಬಂಗಾರಪೇಟೆಯಿಂದ ಬರುವ ಬೆಳಗಿನ ಪ್ಯಾಸೆಂಜರಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೂತಿದ್ದರು. ದಿನಾ ಹಾಗೆಯೇ. ಅವಳು ಊರಿಗಾಂನಲ್ಲಿ ಇಳಿದರೆ ಅವನು ಮುಂದಿನ ಚಾಂಪಿಯನ್ನಿನಲ್ಲಿ ಇಳಿಯುತ್ತಿದ್ದ. ಹಾಲಿನ ಕ್ಯಾನುಗಳ ನಡುವೆ ಕಾಲು ಚಾಚಲೂ ಜಾಗವಿರಲಿಲ್ಲ.

"ಇವತ್ತು ಹೊಸ ಚಿಪ್ಪಿನ ಮೊದಲ್ನೇ ಸವಾರಿ ನಮ್ದೇ ಕಣೇ," ಎಂದ ಕದಿರಪ್ಪ, ಟಿಫನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು. "ಶೆಡ್ಡಿನ ನಿಮ್ಮತ್ತೆ ಏನಂದ್ಲು?"

"ಬಾಯೇ ಬಿಡ್ಲಿಲ್ಲ."

"ಅಯ್ಯೋ, ಕೆಟ್ಟೆ! ನಮ್ಮಮ್ಮ ಕಿರುಚ್ತಾ ಇದ್ರೆ ಮನೆ ಸರಿಯಾಗೈತೆ ಅಂತ. ಸುಮ್ಕಾದ್ಲು ಅಂದ್ರೆ ನಾನು ಚಪ್ಪಲಿ ಮೆಟ್ಕೊಂಡು ಓಡೋದೇ."

ಎದುರು ಸೀಟಿನ ಹೆಂಗಸರೂ ನಕ್ಕರು. ರತ್ನ ಅವನ ತೋಳು ಚಿವುಟಿ ಊರಿಗಾಂನಲ್ಲಿ ಇಳಿದಳು. ರೈಲು ಅವನನ್ನು ಕರೆದುಕೊಂಡು ಮುಂದೆ ಹೋಯಿತು.

ಶೆಡ್ಡಿನಲ್ಲಿ ಅಮ್ಮಾಜಮ್ಮ ಒಬ್ಬಳೇ ಬಾಡಿದ ಹೂವುಗಳನ್ನು ಮೊರಕ್ಕೆ ತುಂಬುತ್ತಿದ್ದಳು. ಕಂಪ್ಯೂಟರು ಹಿಂದಿನ ದಿನ ಹೊದಿಸಿದ ಬಟ್ಟೆಯೊಳಗೆ ಇನ್ನೂ ಗುಂಯ್ಯೆನ್ನುತ್ತಿತ್ತು. ರತ್ನ ಹಾರ ತೆಗೆದು, ಕಣ್ಣಿಗೊತ್ತಿಕೊಂಡು, ಬಟ್ಟೆ ಎತ್ತಿದಳು.

ಪರದೆಯ ಮೇಲೆ ತಪ್ಪಿದ ಸವಾರಿಗಳ ಸಾಲು. ಒಂದಲ್ಲ ಎರಡಲ್ಲ, ಆಳುಗಳು ತುಂಬಿ ಇಳಿದ ಸವಾರಿಗಳೆಲ್ಲವೂ ತಪ್ಪಿದ್ದವು. ಖಾಲಿ ಕೇಜಿನವು ಮಾತ್ರ ಸರಿಯಾಗಿದ್ದವು.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಇಷ್ಟೆಲ್ಲ ತಪ್ಪಿದ್ದರೆ ಹಾರನ್ ಯಾಕೆ ಕೂಗಲಿಲ್ಲ? ಮೇಜಿನ ಹಿಂದೆ ಬಗ್ಗಿ ನೋಡಿದಳು. ಹಾರನ್ನಿನ ವೈರು ಕಿತ್ತು ನೇತಾಡುತ್ತಿತ್ತು. ಕಿತ್ತವರು ಅದನ್ನೂ ಬಿಡದೆ ತುದಿಗೆ ಅರಿಶಿನ ಕುಂಕುಮ ಹಚ್ಚಿದ್ದರು.

"ಅಮ್ಮಾಜಮ್ಮೋರೇ! ಈ ವೈರು ಕಿತ್ತಿದ್ಯಾರು?"

"ನಾನೇ ಕಣಮ್ಮಿ," ಎಂದಳು ಮುದುಕಿ ಮೊರದಿಂದ ತಲೆಯೆತ್ತದೆ. "ಓದ್ವರ್ಷ ಮಂಗಳಾರತಿ ಒತ್ನಲ್ಲಿ ಅದು ಕಿರುಚ್ಕೊಂಡು, ನನ್ ಕೈಯಿಂದ ತಟ್ಟೇನೇ ಬಿದ್ದೋಗಿತ್ತಲ್ಲ. ಎಂಥಾ ಅಪಶಕುನ! ಅದಕ್ಕೆ ಈ ಸಲಿ ಮೊದ್ಲೇ ಕಿತ್ತಾಕ್ದೆ. ಯಾಕೆ, ಏನಾಯ್ತು?"

ರತ್ನ ಪ್ರೋಗ್ರಾಮು ತೆರೆದು ನಿನ್ನೆ ತಿದ್ದಿದ ಅಂಕಿಗಳ ಮೇಲೆ ಕಣ್ಣೋಡಿಸಿದಳು. ತಳ ಇನ್ನು ಇನ್ನೂರು ಅಡಿ ಎನ್ನುವಾಗ ಕೇಜು ನಿಧಾನವಾಗಿರಬೇಕು. ಅಲ್ಲಿ ಇನ್ನೂರರ ಬದಲು ಎರಡು ಸಾವಿರ ಎಂದಿತ್ತು. ಒಂದು ಸೊನ್ನೆ ಹೆಚ್ಚು. ಬೆನ್ನ ಹಿಂದೆ ಆರತಿ ಕಾಯುತ್ತಿರುವಾಗ ಅವಳದೇ ಬೆರಳು ಒತ್ತಿದ ಸೊನ್ನೆ.

ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಾಯಿತು. ಆಳು ತುಂಬಿದ ಕೇಜು ಪೂರಾ ವೇಗದಲ್ಲಿ ಇಳಿಯುತ್ತಿರುತ್ತದೆ. ತಳ ಇನ್ನೂ ಎಷ್ಟೋ ಕೆಳಗಿದೆ. ಆದರೆ ಡಬ್ಬಿ ಮಾತ್ರ ತಳ ಬಂತು ಬಂತು ಎಂದುಕೊಂಡು ನಡುದಾರಿಯಲ್ಲೇ ಬ್ರೇಕು ಹಿಡಿಯುತ್ತದೆ. ಒಳಗೆ ಭುಜಕ್ಕೆ ಭುಜ ತಾಗಿಸಿ ನಿಂತವರ ಗತಿ ಏನು? ಕಾಲು ಮುರಿಯಬಹುದು, ಸೊಂಟ ಮುರಿಯಬಹುದು, ಹಗ್ಗ ಎಗರಿಬಿದ್ದರೆ ಅದಕ್ಕೂ ಮುಂದಿನದು ಆಗಬಹುದು. ಆ ಗುಂಪಿನಲ್ಲಿ ಟಿಫನ್ ಡಬ್ಬಿ ಹಿಡಿದು ನಗುತ್ತಾ ನಿಂತ ಕದಿರಪ್ಪ.

ಇನ್ನೊಂದು ಮಾತೂ ನೆನಪಾಯಿತು. ಶಾಫ್ಟಿನಲ್ಲಿ ಗಂಟೆ ಹೊಡೆಯುವ ಆರುಮುಗಂ ಎಂಥಾ ಖಡಕ್ ಮನುಷ್ಯನೆಂದರೆ, ಹಗ್ಗ ಮುಟ್ಟಿದರೂ ಬ್ರೇಕು ಮುಟ್ಟಿದರೂ ಖಾಲಿ ಕೇಜನ್ನು ಒಮ್ಮೆ ಇಳಿಸಿ ಹತ್ತಿಸದೆ ಒಬ್ಬ ಆಳನ್ನೂ ಒಳಗೆ ಬಿಡುತ್ತಿರಲಿಲ್ಲ. ಇವತ್ತೂ ಇಳಿಸಿಯೇ ಇಳಿಸುತ್ತಾನೆ. ಆದರೆ ಪರೀಕ್ಷೆಯ ಖಾಲಿ ಕೇಜನ್ನು ನಿಧಾನಕ್ಕೆ ಇಳಿಸುವುದೇ ಅಲ್ಲಿನ ಕಟ್ಟಳೆ. ನಿಧಾನಕ್ಕೆ ಹೋಗುವ ಕೇಜಿಗೆ ಡಬ್ಬಿ ಏನೂ ಮಾಡುವುದಿಲ್ಲ. ಅಲ್ಲಿಯೂ ಎಲ್ಲ ಸರಿ ಎಂದೇ ಕಾಣುತ್ತದೆ.

ಫೋನಿಗೆ ಹಾರಿದಳು. ಶಾಫ್ಟಿನ ಆಫೀಸಿನಲ್ಲಿ ಗಂಟೆ ಬಡಿದೇ ಬಡಿಯಿತು, ಯಾರೂ ಎತ್ತಲಿಲ್ಲ. ಪೂಜೆಯ ಮಾರನೇ ದಿನ, ಯಾರು ಯಾವ ಮೂಲೆಯಲ್ಲಿ ಪ್ರಸಾದ ತಿನ್ನುತ್ತಿದ್ದಾರೋ! ಮತ್ತೆ ತಿರುಗಿಸಿದಳು. ಅಷ್ಟರಲ್ಲಿ ದೂರದಲ್ಲಿ ಗಣಿಯ ಸಂಗು ಕೂಗಿತು. ಸೈರನ್ನಿಗೆ ಅಲ್ಲಿಯವರು ಹೇಳುವುದೇ ಹಾಗೆ. ಮೊದಲ ಸಂಗಿಗೆ ಆಳುಗಳು ದೀಪ ತೆಗೆದುಕೊಳ್ಳಬೇಕು, ಎರಡನೇ ಸಂಗಿಗೆ ಕೇಜಿನ ಮುಂದೆ ನಿಂತಿರಬೇಕು. ಇದು ಮೊದಲನೆಯದು.

"ಅಮ್ಮಾಜಮ್ಮೋರೇ, ಈ ಫೋನ್ ಇಟ್ಕೊಳ್ಳಿ, ಬಿಡ್ಬೇಡಿ. ತಿರುಗಿಸ್ತಾನೇ ಇರಿ. ಯಾರು ಎತ್ತಿದ್ರೂ ಕೇಜು ಬಿಡ್ಬೇಡಿ ಅಂತ ಹೇಳಿ. ಬಿಡಬೇಡಿ ಅಂತ!"

"ಏನಾಯ್ತು ತಾಯೀ? ನಾನೇನ್ ಮಾಡ್ದೆ?"

ಹೇಳುತ್ತಾ ಕೂರುವ ಹೊತ್ತಲ್ಲ ಅದು. ಹೊರಗೆ ವಾಚ್‌ಮನ್ನನ ಸೈಕಲ್ಲು ವಿಭೂತಿ ಪಟ್ಟೆ ಬಳಿಸಿಕೊಂಡು, ಹ್ಯಾಂಡಲಿಗೆ ಮಾವಿನೆಲೆ ಸಿಕ್ಕಿಸಿಕೊಂಡು ನಿಂತಿತ್ತು. ಗಂಡಸರ ಸೈಕಲ್ಲು, ನಡುವೆ ಅಡ್ಡ ಕಂಬಿ. ಚಿಕ್ಕವಳಿದ್ದಾಗ ಇಂಥದ್ದೇ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಹಳ್ಳಿಯಿಂದ ಬಂಗಾರಪೇಟೆಗೆ ತುಳಿದವಳು ಅವಳು. ಸೀರೆಯನ್ನು ಕಚ್ಚೆ ಹಾಕಿದಂತೆ ಎತ್ತಿ ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟಳು. ಮುಂದಿನ ಚಕ್ರದ ಕೆಳಗಿಟ್ಟಿದ್ದ ನಿಂಬೆಹಣ್ಣು ಪಚಕ್ಕೆಂದಿತು.

ರಸ್ತೆಯಲ್ಲಿ ಹೊಸ ಬಟ್ಟೆ ಹಾಕಿಕೊಂಡ ಮಂದಿ. ಒಡೆದ ಕುಂಬಳದ ಹೋಳುಗಳ ಮೇಲೆ ಚಕ್ರ ಜಾರಿ ಒಮ್ಮೆ ಬಿದ್ದೇ ಬಿಟ್ಟಳು. ಮೊಣಕೈ ತರಚಿತು. "ಪಾತ್ತು ಪೋಮ್ಮಾ!" ನೋಡಿಕೊಂಡು ಹೋಗು ಎಂದು ಯಾರೋ ತಮಿಳಿನಲ್ಲಿ ಕೂಗಿದರು. ಎದ್ದು ಮತ್ತೆ ತುಳಿದಳು. ಅಮ್ಮಾಜಮ್ಮನ ಮೇಲೆ ಎಂಥಾ ಸಿಟ್ಟು ಬಂದಿತ್ತೆಂದರೆ, ಎದುರಿಗಿದ್ದರೆ ಹಿರಿಯಳೆಂದೂ ನೋಡುತ್ತಿರಲಿಲ್ಲ. ಮುದುಕಿಗೆ ಏನಾಗಿತ್ತು ಧಾಡಿ? ಒಂದು ಮಾತು ಹೇಳಬಾರದಿತ್ತೇ? ಚಿನ್ನ ಸೋಸಿದ ಮಣ್ಣು ಸುರಿದ ಸೈನೈಡ್ ಗುಡ್ಡದ ಬೂದಿ ಬಣ್ಣದ ಏರು ಬಂತು. ಏರಿನಲ್ಲಿ ಉಸಿರು ಕಟ್ಟಿದಾಗ ಸಿಟ್ಟು ತಾನೇ ತಿರುಗಿ ಅವಳ ಕಡೆಗೇ ಬಂತು. ವೈರು ಕಿತ್ತವಳು ಮುದುಕಿ, ಸರಿ. ಕೂಗಲಿಲ್ಲ ಎಂದ ಮಾತ್ರಕ್ಕೆ ಎಲ್ಲ ಸರಿ ಎಂದುಕೊಂಡವರು ಯಾರು? ಬಟ್ಟೆ ಒಂದಿಷ್ಟು ಎತ್ತಿ ಪರದೆ ನೋಡಲು ಯಾವ ದೊಡ್ಡ ಕಷ್ಟವಿತ್ತು? ಸುಮ್ಕಾದ್ಲು ಅಂದ್ರೆ ಓಡೋದೇ ಎಂದು ಬೆಳಿಗ್ಗೆ ಅವನು ಅಂದದ್ದು ಕಿವಿಯಲ್ಲಿ ಕೇಳಿದ ಹಾಗಾಗಿ ಕಣ್ಣು ಮಂಜಾದವು.

ಎರಡನೇ ಸಂಗು ಕೂಗಿದಾಗ ಶಾಫ್ಟಿನ ದೊಡ್ಡ ಗಾಲಿ ಕಣ್ಣಿಗೆ ಬಿತ್ತು. ಗೇಟಿನಲ್ಲಿ ಯಾರೋ ತಡೆದರು. ಸೈಕಲ್ಲನ್ನು ಅವರ ಮೇಲೆಯೇ ಬಿಟ್ಟು ಒಳಗೆ ಓಡಿದಳು.

ಗಂಟೆ ಕೇಳಿಸಿತು. ಮೂರು.

ಆ ಗಂಟೆಗಳ ಭಾಷೆ ಶಾಫ್ಟಿನಲ್ಲಿ ಎಲ್ಲರಿಗೂ ಗೊತ್ತು. ಮೂರು ಎಂದರೆ ಒಳಗಿರುವುದು ಕಲ್ಲಲ್ಲ, ಮನುಷ್ಯರು. ಆಮೇಲೆ ಎರಡು ಎಂದರೆ ಇಳಿಸು. ಇಳಿಯುವಾಗ ಒಂದೇ ಒಂದು ಹೊಡೆದರೆ ನಿಲ್ಲಿಸು. ಎಂಜಿನ್ ಮನೆಯಲ್ಲಿ ಕೂತ ಡ್ರೈವರಿಗೆ ಕೇಜು ಕಾಣುವುದಿಲ್ಲ, ಅವನಿಗೆ ಗಂಟೆಯೇ ದೇವರು. ಅದಕ್ಕೇ ಆರುಮುಗಂ ಬಿಟ್ಟು ಬೇರೆ ಯಾರೂ ಅದರ ಹಿಡಿ ಮುಟ್ಟುವಂತಿರಲಿಲ್ಲ. ಸಾಹೇಬರು ಮುಟ್ಟಿದರೂ ಅವನು ಕೈ ತಟ್ಟುತ್ತಿದ್ದ.

"ಆರುಮುಗಣ್ಣಾ! ನಿಲ್ಸು! ನಿಲ್ಸಣ್ಣಾ!"

ಎಂಜಿನ್ನಿನ ಸದ್ದಿಗೆ ಅವಳ ಕೂಗು ಎಲ್ಲಿ ಕೇಳಬೇಕು! ಆರುಮುಗಂ ಕೇಜಿನ ಬಾಗಿಲಿಗೆ ಚಿಲಕ ಹಾಕಿ, ಬೆನ್ನು ತಿರುಗಿಸಿ, ಎರಡು ಹೊಡೆದ. ಕಂಬಿಗಳ ಹಿಂದೆ ತುಂಬಿಕೊಂಡ ಮುಖಗಳು ಕೆಳಗಿಳಿದವು. ಅದರಲ್ಲೊಂದು ಕದಿರಪ್ಪನದು. ಅವಳನ್ನು ಕಂಡು ಅವನ ಹುಬ್ಬು ಮೇಲೆ ಹೋದದ್ದು ಕಂಡಿತು. ಆಮೇಲೆ ಹಗ್ಗ ಮಾತ್ರ.

ರತ್ನ ಆರುಮುಗಂನನ್ನು ತಳ್ಳಿ, ಗಂಟೆಯ ಹಿಡಿಗೆ ಜೋತುಬಿದ್ದು ಎಳೆದಳು. ಒಂದು.

ಹಗ್ಗ ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತಿತು.

ಶಾಫ್ಟಿನ ಬಾಯಿಂದ, ಕತ್ತಲೆಯಿಂದ, ಗಂಡಸರ ಬೈಗುಳ ಸಣ್ಣಗೆ ಕೇಳಿ ಬಂತು. ಜನ್ಮದಲ್ಲಿ ಅಷ್ಟು ಚೆಂದದ ಬೈಗುಳವನ್ನು ರತ್ನ ಕೇಳಿರಲಿಲ್ಲ. ಅವರೆಲ್ಲ ಬದುಕಿದ್ದರು.

"ಅಯ್ಯಯ್ಯೋ, ಎನ್ನಮ್ಮಾ ಇದು!" ಆರುಮುಗಂ ಅವಳ ಕೈ ಹಿಡಿದು ಎಳೆದ. ಮುಖ ಕೆಂಡವಾಗಿತ್ತು. "ನನ್ ಗಂಟೆ ಮುಟ್ಟಿದ್ಯಾ? ನಲವತ್ತು ಆಳು ನಡು ಕತ್ಲೇಲಿ ನೇತಾಡ್ತಾವ್ರೆ! ಬುದ್ಧಿ ಇದಿಯಾ ಉನಕ್ಕು?"

"ಅಣ್ಣಾ, ನಿಧಾನಕ್ಕೆ ಮೇಲಕ್ಕೆ ತರ್ಸು. ನಿಧಾನಕ್ಕೆ ಬಂದ್ರೆ ಏನೂ ಆಗಲ್ಲ. ಜೋರಾಗಿ ಬಿಟ್ರೆ ಡಬ್ಬಿ ಬ್ರೇಕು ಹಿಡೀತದೆ. ನನ್ ತಪ್ಪು ಅಣ್ಣಾ. ನಾನೇ ತಪ್ಪು ಅಳತೆ ಹಾಕಿದೀನಿ."

"ಖಾಲಿ ಕೇಜು ನಾನೇ ಬಿಟ್ಟು ನೋಡ್ದೆ. ಒಂದು ಕುಲುಕಾಟ ಇಲ್ದೆ ಓಗ್ಬಂತು."

"ನಿಧಾನಕ್ಕೆ ಬಿಟ್ಟಿದ್ದಕ್ಕೆ ಓಗ್ಬಂತು ಅಣ್ಣಾ."

ಆರುಮುಗಂ ಅವಳ ಮುಖವನ್ನೇ ನೋಡಿದ. ಏನು ಕಂಡನೋ, ಗಂಟೆಯ ಬಳಿ ಹೋಗಿ ಮೇಲೆತ್ತುವ ಸೂಚನೆ ಕೊಟ್ಟು, ಎಂಜಿನ್ ಮನೆಗೆ ನಿಧಾನ ಎಂದು ಕೈಸನ್ನೆ ಮಾಡಲು ಒಬ್ಬನನ್ನು ಓಡಿಸಿದ. ಹಗ್ಗ ಮೇಲೆ ಬರತೊಡಗಿತು. ಕೇಜಿನ ತಲೆ ಕಂಡಿತು, ಮುಖಗಳು ಕಂಡವು, ಚಿಲಕ ತೆಗೆದರು. ಕದಿರಪ್ಪ ಹೊರಗೆ ಬಂದವನೇ ಅವಳ ತರಚಿದ ಮೊಣಕೈ, ಎತ್ತಿ ಕಟ್ಟಿದ ಸೀರೆ ಎಲ್ಲ ನೋಡಿದ.

"ಏನ್ ರತ್ನಾ ಇದು ಅವತಾರ?"

ಅವಳು ಅವನ ಅಂಗಿ ಹಿಡಿದುಕೊಂಡಳು, ಅಷ್ಟೆ.

ಅಷ್ಟು ಹೊತ್ತಿಗೆ ಶಾಫ್ಟಿನ ಎಂಜಿನಿಯರ್ ಶ್ರೀನಿವಾಸಪ್ಪ ಬಾಯಲ್ಲಿದ್ದ ಪುರಿ ನುಂಗುತ್ತಾ ಓಡಿ ಬಂದರು. ವಿಷಯ ಕೇಳಿ ಉರಿದುಬಿದ್ದರು. ಹೊರಗಿನ ಹೆಂಗಸು ಗಂಟೆ ಮುಟ್ಟುವುದೆಂದರೇನು? ಇದು ಪೊಲೀಸ್ ಕೇಸು ಆಗುತ್ತದೆ, ನಿಮ್ಮ ಜಯರಾಮಪ್ಪನ ಶೆಡ್ಡಿಗೆ ಬೀಗ ಬೀಳುತ್ತದೆ. ಒಂದೇ ಉಸಿರಿಗೆ ಎಲ್ಲ ಹೇಳಿದರು. ಹಿಂದೆ ನಿಂತ ಆಳುಗಳೂ ಗೊಣಗುತ್ತಿದ್ದರು. ಪೂಜೆಯ ಮಾರನೇ ದಿನ ಮೊದಲ ಸವಾರಿಯೇ ಅಡ್ಡವಾಯಿತಲ್ಲ ಎಂದು ಒಬ್ಬ ಉಗಿದ. ಗಂಡನ ಮೇಲಿನ ಭ್ರಾಂತಿಗೆ ಹೀಗೆ ಮಾಡಿದಳೆಂದು ಇನ್ನೊಬ್ಬ ಅಂದ.

"ಸಾರ್, ನನ್ ಮಾತು ನಂಬ್ಬೇಡಿ," ಎಂದಳು ರತ್ನ. "ಕೇಜಿಗೆ ಆಳುಗಳ ತೂಕದಷ್ಟು ಕಲ್ಲು ತುಂಬ್ಸಿ. ಡಬ್ಬಿಲಿ ಇರೋ ಚಿಪ್ಪು ಅಂಗೇ ಇರ್ಲಿ. ದಿನಾ ಆಳು ಇಳಿಸೋ ವೇಗದಲ್ಲೇ ಬಿಡ್ಸಿ. ಏನೂ ಆಗ್ಲಿಲ್ಲ ಅಂದ್ರೆ ನೀವು ಹೇಳಿದ ಕಡೆ ಬಂದು ನಿಲ್ತೀನಿ."

ಶ್ರೀನಿವಾಸಪ್ಪ ಆರುಮುಗಂ ಕಡೆ ನೋಡಿದರು. ಅವನು ಆಗಲೇ ಕಲ್ಲುಗಾಡಿ ತಳ್ಳಲು ಹೋದ.

ಕಲ್ಲು ತುಂಬಿದ ಗಾಡಿಗಳನ್ನು ಒಳಗೆ ನೂಕಿ ಚಿಲಕ ಹಾಕಿದರು. ಗಂಟೆ ಎರಡೇ ಹೊಡೆಯಿತು. ಕೇಜು ಇಳಿಯಿತು. ಹಗ್ಗ ಸರ್ರನೆ ಓಡಿತು. ಎಲ್ಲರ ಕಣ್ಣೂ ಅದರ ಮೇಲೆ. ಓಡಿತು, ಓಡಿತು, ಓಡುತ್ತಲೇ ಇತ್ತು. ಏನೂ ಆಗಲಿಲ್ಲ. ಗೊಣಗಾಟ ಮತ್ತೆ ಶುರುವಾಯಿತು. ರತ್ನಳಿಗೆ ತಾನೇ ಹುಚ್ಚಿಯೇನೋ ಎನ್ನಿಸಿತು. ಸುಳ್ಳಾಗಲಿ, ದೇವರೇ, ನಾನು ಹೇಳಿದ್ದೆಲ್ಲ ಸುಳ್ಳಾಗಿ ಹೋಗಲಿ ಎಂದು ಬೇಡಿಕೊಂಡಳು. ಜೈಲಿಗೆ ಬೇಕಾದರೂ ಹೋಗುತ್ತೇನೆ.

ಎಂಜಿನ್ ಮನೆಯಲ್ಲಿ ಬ್ರೇಕು ದಢಾರೆಂದು ಬಿತ್ತು. ಮೇಲಿನ ಗಾಲಿಯಿಂದ ತುಕ್ಕಿನ ಪುಡಿ ಎಲ್ಲರ ತಲೆಯ ಮೇಲೆ ಉದುರಿತು. ಹಗ್ಗ ಮೇಲೆದ್ದು, ಕೆಳಗಿಳಿದು, ಮತ್ತೆ ಮೇಲೆದ್ದು ಒದ್ದಾಡಿತು. ಶಾಫ್ಟಿನ ಆಳದಿಂದ ಕಬ್ಬಿಣಕ್ಕೆ ಕಲ್ಲು ಅಪ್ಪಳಿಸಿದ ಸದ್ದು ತಡವಾಗಿ ಹತ್ತಿ ಬಂತು. ಒಂದಿಬ್ಬರು ಹಿಂದಕ್ಕೆ ಸರಿದರು. ಗೊಣಗುತ್ತಿದ್ದವನು ಬಾಯಿ ಮುಚ್ಚಿಕೊಂಡ.

ಕೇಜನ್ನು ನಿಧಾನಕ್ಕೆ ಮೇಲೆ ತಂದರು. ಕಲ್ಲುಗಾಡಿಗಳು ಒಂದರ ಮೇಲೊಂದು ಮಗುಚಿದ್ದವು. ಬಾಗಿಲ ಪಕ್ಕದ ದಪ್ಪ ಕಂಬಿ ಹೊರಗೆ ಬಾಗಿತ್ತು. ಕದಿರಪ್ಪ ಹತ್ತಿರ ಹೋಗಿ ಆ ಕಂಬಿಯ ಮೇಲೆ ಕೈಯಾಡಿಸಿದ.

"ನಾನು ನಿಂತಿದ್ದಿದ್ದು ಇಲ್ಲೇ," ಎಂದ, ಯಾರಿಗೂ ಅಲ್ಲದ ಹಾಗೆ.

ಶ್ರೀನಿವಾಸಪ್ಪನವರು ತಲೆಯ ಮೇಲಿನ ತುಕ್ಕು ಕೊಡವಿಕೊಂಡು, ಹೊಸ ಚಿಪ್ಪು ಬರುವವರೆಗೆ ಶಾಫ್ಟು ಬಂದ್ ಎಂದರು. ಪೊಲೀಸಿನ ಮಾತು ಮತ್ತೆ ಎತ್ತಲಿಲ್ಲ. ಆದರೂ ರತ್ನಳಿಗೆ ಗೆದ್ದ ಸಂತೋಷ ಒಂದಿಷ್ಟೂ ಇರಲಿಲ್ಲ. ಗೆಲ್ಲುವುದಕ್ಕೆ ಏನಿತ್ತು ಅಲ್ಲಿ? ಅವಳೇ ಹಾಕಿದ ಸೊನ್ನೆ.

ಅವಳು ಶೆಡ್ಡಿಗೆ ಬಂದಾಗ ಅಮ್ಮಾಜಮ್ಮ ಫೋನು ಕಿವಿಗೊತ್ತಿಕೊಂಡು ಕೂತೇ ಇದ್ದಳು. ಯಾರೂ ಎತ್ತಿರಲಿಲ್ಲ, ಅವಳೂ ಬಿಟ್ಟಿರಲಿಲ್ಲ. ರತ್ನಳನ್ನು ಕಂಡು ಎದ್ದು ನಿಲ್ಲಲು ಹೋಗಿ ಮತ್ತೆ ಕುಸಿದಳು.

"ಬದುಕವ್ರಾ?"

"ಎಲ್ಲರೂ ಅವ್ರೆ."

"ನಾನು ಕೊಲೆಗಾತಿ ಆಗೋಗ್ತಿದ್ದೆ ಕಣೇ. ಒಂದು ಮಂಗಳಾರತಿಗೋಸ್ಕರ." ಮುದುಕಿ ಸೆರಗು ಬಾಯಿಗೆ ಅಡ್ಡವಿಟ್ಟು ಅತ್ತಳು.

ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಬೈಗುಳ ಒಂದೂ ರತ್ನಳ ನಾಲಗೆಗೆ ಬರಲಿಲ್ಲ. ಪಕ್ಕದಲ್ಲಿ ಕೂತು, ಫೋನಿನ ರಿಸೀವರನ್ನು ಮುದುಕಿಯ ಮುಷ್ಟಿಯಿಂದ ಬಿಡಿಸಿ ಇಟ್ಟಳು. "ವೈರು ಕಿತ್ತಿದ್ದು ನಿಮ್ಮ ತಪ್ಪು. ಸುಮ್ಕಿದ್ರೆ ಸರಿಯಾಗೈತೆ ಅಂತ ಮಾಡಿಟ್ಟಿದ್ದು ನನ್ ತಪ್ಪು. ನಂದೇ ದೊಡ್ಡದು. ವೈರು ಇಲಿ ಕಡಿದಿದ್ರೂ ಇಂಗೇ ಆಗ್ತಿತ್ತು."

ಸುದ್ದಿ ತಿಳಿದು ಬೇತಮಂಗಲದಿಂದ ಬಿದ್ದೆನೋ ಎದ್ದೆನೋ ಎಂದು ಓಡಿ ಬಂದ ಜಯರಾಮಪ್ಪ ಅವತ್ತು ಒಂದು ತಮಾಷೆಯನ್ನೂ ಮಾಡಲಿಲ್ಲ. ರತ್ನ ಕೇಳಿದ್ದಕ್ಕೆ, ತನ್ನ ಮನೆಯ ಬಾಗಿಲಿಗೆ ಹಾಕಿದ್ದ ಕರೆಂಟಿನ ಗಂಟೆಯನ್ನು ಬಿಚ್ಚಿ ತಂದುಕೊಟ್ಟ. ಹಾರನ್ ಅದರ ಜಾಗದಲ್ಲೇ ಉಳಿಯಿತು. ಆದರೆ ಕಟ್ಟಳೆ ತಿರುವುಮುರುವಾಯಿತು. ಇನ್ನು ಮೇಲೆ ಸುಮ್ಮನಿದ್ದರೆ ಸರಿ ಎಂದಲ್ಲ. ಪರೀಕ್ಷೆಗಳೆಲ್ಲ ನಡೆದು, ಎಲ್ಲವೂ ಗೆದ್ದರೆ ಮಾತ್ರ ಆ ಗಂಟೆ ತಾನಾಗಿ ಮೂರು ಸಲ ಬಾರಿಸಬೇಕು. ಮೂರು ಕೇಳದೆ ಒಂದು ಚಿಪ್ಪೂ ಶೆಡ್ಡಿನ ಹೊಸಿಲು ದಾಟುವಂತಿಲ್ಲ. ಇವತ್ತಿನ ಕಲ್ಲು ಸವಾರಿಯನ್ನೂ ಹಳೇ ಸವಾರಿಗಳ ಕೊನೆಗೆ ಅವಳು ಸೇರಿಸಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕದಿರಪ್ಪ ಬಂದ, ಅವನ ಜೊತೆ ಆರುಮುಗಂ ಕೂಡ. ಚಿಪ್ಪು ತಗೊಂಡು ಹೋಗಲು ಬಂದೆ ಎಂದ ಆರುಮುಗಂ, ಆದರೆ ಕೂರಲಿಲ್ಲ. ಎಲ್ಲರೂ ನೋಡುತ್ತಿರುವಾಗಲೇ ರತ್ನ ಆ ಸೊನ್ನೆಯನ್ನು ಅಳಿಸಿದಳು. ಉಳಿಸಿದಳು. ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಕಂಪ್ಯೂಟರು ಒಂದೊಂದೇ ಸವಾರಿಯನ್ನು ಮತ್ತೆ ನಡೆಸುತ್ತಾ ಹೋಯಿತು. ಅಮ್ಮಾಜಮ್ಮ ಗಂಟೆಯ ವೈರಿನ ಪಕ್ಕದಲ್ಲೇ, ಯಾರೂ ಮುಟ್ಟದ ಹಾಗೆ ಕಾವಲು ಕೂತಿದ್ದಳು. ಕೊನೆಗೆ ಕಲ್ಲಿನ ಸವಾರಿ ಬಂತು. ಅದು ನಡೆಯಿತು, ಮುಗಿಯಿತು. ಪರದೆ ನಿಂತಿತು.

ಗಂಟೆ ಬಾರಿಸಿತು. ಒಂದು.

ಎರಡು.

ಮಧ್ಯೆ ಒಂದು ಗಳಿಗೆ ಬಿಡುವಾಯಿತು. ಬಾಗಿಲಿನ ಹಳೇ ಗಂಟೆ, ಅದರ ಜಾಯಮಾನವೇ ಹಾಗೆ ಎಂದು ಜಯರಾಮಪ್ಪ ಆಮೇಲೆ ಹೇಳಿದ.

ಮೂರು.

ಆರುಮುಗಂನ ಬಲಗೈ ತಾನಾಗಿ ಮುಂದೆ ಬಂದು, ಅಲ್ಲಿಲ್ಲದ ಕೇಜಿನ ಬಾಗಿಲಿಗೆ ಚಿಲಕ ಹಾಕಿತು. ಹಾಕಿದ ಮೇಲೆ ಅವನಿಗೇ ನಾಚಿಕೆಯಾಗಿ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ರತ್ನ ಮೇಜಿನ ಮೇಲೆ ತಲೆಯಿಟ್ಟು, ಬೆಳಗಿನಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತುಬಿಟ್ಟಳು.

ಕದಿರಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟ. ಇನ್ನೊಂದು ಕೈಯಲ್ಲಿ ಬೆಳಿಗ್ಗೆ ಬಿಚ್ಚದ ಟಿಫನ್ ಡಬ್ಬಿ ಹಾಗೇ ಇತ್ತು.

"ಮೂರು ಕೇಳಿಸ್ತಲ್ಲ," ಎಂದ. "ಅಂಗಾದ್ರೆ ನಾಳೆ ಇಳೀತೀನಿ."